ಮನೆಮಂದಿ, ನಾಯಿ ಜೊತೆ ಚಳಿಗಾಲದ ಫೆಸೆಂಟ್ ಬೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನಿಯಾಪೊಲಿಸ್, ಶಿಕಾಗೊ, ಒಮಾಹಾ ಕಡೆಯ ಕನ್ನಡ ಕುಟುಂಬಗಳು ಡಿಸೆಂಬರ್ ರಜೆ ಹತ್ತಿರವಾದಾಗ ಕೇಳುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಅಮೆರಿಕದ ಸೌತ್ ಡಕೋಟಾ ರಾಜ್ಯಕ್ಕೆ ಸಂಬಂಧಿಸಿದ್ದು. ಪಕ್ಕದ ರಾಜ್ಯಗಳಲ್ಲಿ ಬೇರೆ ನಿಯಮವಿದ್ದರೆ ಅಲ್ಲಲ್ಲೇ ಹೇಳಿದ್ದೇವೆ. ಲೈಸೆನ್ಸ್ ದರ, ತಾರೀಖುಗಳು ಬದಲಾಗುತ್ತಿರುತ್ತವೆ. ಹೊರಡುವ ವಾರ ಗೇಮ್, ಫಿಶ್ ಅಂಡ್ ಪಾರ್ಕ್ಸ್ ಇಲಾಖೆಯ ಆ ವರ್ಷದ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಿ.

## ಮೊದಲ ಸಲ ಹೋಗುವವರಿಗೆ

ಫೆಸೆಂಟ್ ಅಂದರೆ ನಮ್ಮ ಕಾಡುಕೋಳಿನಾ?

ಅಲ್ಲ, ಆದರೆ ನೆಂಟ. ನವಿಲು, ಕಾಡುಕೋಳಿ, ಕೌಜುಗ, ಫೆಸೆಂಟ್ ಎಲ್ಲವೂ ಒಂದೇ ಕುಟುಂಬದವು. ಅಮೆರಿಕದಲ್ಲಿ ಬೇಟೆಯಾಡುವ ಉಂಗುರಗೊರಳಿನ ಫೆಸೆಂಟ್ ಮೂಲತಃ ಏಷ್ಯಾದ ಹಕ್ಕಿ. 1880ರ ದಶಕದ ಆರಂಭದಲ್ಲಿ ಶಾಂಘೈನಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಓವನ್ ಡೆನ್ನಿ ಅದನ್ನು ಆರೆಗನ್‌ಗೆ ಕಳಿಸಿದರು. ಸೌತ್ ಡಕೋಟಾದಲ್ಲಿ ಮೊದಲ ಬೇಟೆ ನಡೆದದ್ದು 1919ರಲ್ಲಿ, ಸ್ಪಿಂಕ್ ಕೌಂಟಿಯಲ್ಲಿ, ಒಂದೇ ಒಂದು ದಿನ. 1943ರಿಂದ ಅದು ರಾಜ್ಯಪಕ್ಷಿ. ಹ್ಯೂರಾನ್ ಪಟ್ಟಣದಲ್ಲಿ 28 ಅಡಿಯ ಫೆಸೆಂಟ್ ಪ್ರತಿಮೆಯೇ ಇದೆ, ಮಕ್ಕಳಿದ್ದರೆ ಅಲ್ಲೊಂದು ನಿಲುಗಡೆ ತಪ್ಪುವುದಿಲ್ಲ.

ಹುಂಜಕ್ಕೆ ಕೆಂಪು ಮುಖ, ಕೊರಳಲ್ಲಿ ಬಿಳಿ ಉಂಗುರ, ತಾಮ್ರಬಣ್ಣದ ಮೈ, ಉದ್ದ ಬಾಲ. ತೂಕ 1.2ರಿಂದ 1.4 ಕಿಲೋ. ಹೇಂಟೆ ಒಣಹುಲ್ಲಿನ ಬಣ್ಣದ್ದು, ಬಾಲ ಗಿಡ್ಡ. ಹೇಂಟೆಯನ್ನು ಹೊಡೆಯುವಂತಿಲ್ಲ.

ಊರಲ್ಲಿ ಬೇಟೆ ಅಂದರೆ ಜೈಲು. ಅಲ್ಲಿ ಹೇಗೆ ಬಿಡುತ್ತಾರೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೊಡಗಿನವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದ್ದರೂ ಕಾಡುಕೋಳಿ ಹೊಡೆಯುವ ಹಕ್ಕು ಇಲ್ಲ. ಅಮೆರಿಕದ ಲೆಕ್ಕಾಚಾರ ಬೇರೆ. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಹಾಗಾಗಿ ಹುಂಜಗಳು ಕಡಿಮೆಯಾದರೂ ಮರುವರ್ಷದ ಮರಿಗಳು ಕಡಿಮೆಯಾಗುವುದಿಲ್ಲ. ಸಂಖ್ಯೆ ಕುಸಿಯುವುದು ಗೂಡುಕಟ್ಟುವ ಹುಲ್ಲುಗಾವಲು ಉಳುಮೆಗೆ ಹೋದಾಗ, ಇಲ್ಲವೇ ಹಿಮಗಾಳಿಗೆ ಮರೆ ಸಿಗದೆ ಹೇಂಟೆಗಳು ಸತ್ತಾಗ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಕೋವಿ, ತೋಟಾಗಳ ಮೇಲಿನ ಶೇ. 11 ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ.

ಅಕ್ಟೋಬರಲ್ಲಿ ಹಿತವಾಗಿರುತ್ತದಲ್ಲ, ಚಳಿಯಲ್ಲಿ ಯಾಕೆ ಸಾಯಬೇಕು?

ಸೀಸನ್ ಅಕ್ಟೋಬರ್ ಮೂರನೇ ಶನಿವಾರ ಶುರುವಾಗಿ ಜನವರಿ 31ಕ್ಕೆ ಮುಗಿಯುತ್ತದೆ. ಮೊದಲ ವಾರಗಳಲ್ಲಿ ಜನಜಾತ್ರೆ. ಮೆಕ್ಕೆಜೋಳ ಇನ್ನೂ ಹೊಲದಲ್ಲೇ ನಿಂತಿರುವುದರಿಂದ ಹಕ್ಕಿಗಳು ಚದುರಿರುತ್ತವೆ. ಕಟಾವು ಮುಗಿದು ಹಿಮ ಬಿದ್ದ ಮೇಲೆ ಅವು ಜೊಂಡು, ಮರಸಾಲುಗಳಿಗೆ ಬಂದು ಗುಂಪಾಗುತ್ತವೆ. ರೂಮು ಸಿಗುತ್ತದೆ, ರೈತರೂ ನಿಧಾನವಾಗಿ ಮಾತಾಡುವ ಕಾಲ. ಆದರೆ ಡಿಸೆಂಬರ್ ತನಕ ಬದುಕುಳಿದ ಹುಂಜ ಪೆದ್ದನಲ್ಲ, ಕಾರಿನ ಬಾಗಿಲ ಸದ್ದಿಗೇ ಎದ್ದು ಹೋಗುತ್ತದೆ.

ಅಯೋವಾದಲ್ಲಿ ಸೀಸನ್ ಜನವರಿ 10ಕ್ಕೆ ಮುಗಿಯುತ್ತದೆ, ಹೊತ್ತು ಬೆಳಿಗ್ಗೆ 8ರಿಂದ ಸಂಜೆ 4.30. ಕಾನ್ಸಸ್‌ನಲ್ಲಿ ಜನವರಿ ಕೊನೆಯವರೆಗೂ ಉಂಟು, ದಿನಕ್ಕೆ ನಾಲ್ಕು ಹುಂಜ.

ದಿನಕ್ಕೆ ಎಷ್ಟು ಹೊತ್ತು ಬೇಟೆ? ಎಷ್ಟು ಹಕ್ಕಿ?

ಬೆಳಿಗ್ಗೆ 10ರಿಂದ ಸೂರ್ಯ ಮುಳುಗುವವರೆಗೆ. ಈ 10 ಗಂಟೆ ಸೆಂಟ್ರಲ್ ಸಮಯದ್ದು. ಡಿಸೆಂಬರ್ ಕೊನೆಯಲ್ಲಿ ಹ್ಯೂರಾನ್ ಸುತ್ತ 5ಕ್ಕೆ ಮೊದಲೇ ಮುಳುಗುತ್ತದೆ. ಒಬ್ಬರಿಗೆ ದಿನಕ್ಕೆ ಮೂರು ಹುಂಜ, ಒಟ್ಟಾರೆ ಕೈಯಲ್ಲಿ ಇಟ್ಟುಕೊಳ್ಳಬಹುದಾದ್ದು 15. ಹೊರರಾಜ್ಯದವರ ಲೈಸೆನ್ಸ್ ಐದೈದು ದಿನದ ಎರಡು ಅವಧಿಗೆ ಸಿಗುತ್ತದೆ.

ಈ ಏಳು ಗಂಟೆಯನ್ನೂ ನಡೆದು ತೀರಿಸಬೇಕೆಂದು ಹೊರಟವರೇ ಹೆಚ್ಚು ಸೋಲುವುದು. ಮನೆಮಂದಿ ಜೊತೆಗಿದ್ದರೆ 11ರ ಸುಮಾರಿಗೆ ಒಂದು ನಡಿಗೆ, 3.30ಕ್ಕೆ ಇನ್ನೊಂದು, ತಲಾ ಒಂದೂಕಾಲು ಗಂಟೆ. ನಡುವೆ ಊಟ, ಬೆಚ್ಚಗಿನ ಕೋಣೆ. ಎಷ್ಟು ಹೊತ್ತು ನಡೆಯಬಹುದೆಂದು ಹೇಳುವವರು ಗುಂಪಿನ ಅತಿ ಚಿಕ್ಕ ಮಗು ಮತ್ತು ನಾಯಿ. ಚೀಲದಲ್ಲಿ ಎಷ್ಟು ಹಕ್ಕಿಯಿದೆ ಎಂಬುದಕ್ಕೆ ಆ ಅಧಿಕಾರ ಕೊಡಬೇಡಿ.

## ಕಾನೂನು, ಜಾಗ, ಕೋವಿ

ನಾನು ಎಚ್-1ಬಿ ಮೇಲಿದ್ದೇನೆ. ಕೋವಿ ಮುಟ್ಟಬಹುದಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-1ಬಿ, ಎಫ್-1, ಬಿ-2 ಮುಂತಾದ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಜೇಬಿನಲ್ಲಿ ಇಲ್ಲದಿದ್ದರೆ ಸ್ನೇಹಿತನ ಕೋವಿಯನ್ನು "ಸ್ವಲ್ಪ ಹಿಡಿದುಕೋ" ಎಂದಾಗಲೂ ಹಿಡಿಯಬೇಡಿ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಹೀಗಾಗಿ ಕೋವಿ ಕೊಂಡು ವರ್ಷಪೂರ್ತಿ ಮನೆಯಲ್ಲಿಡುವ ಯೋಚನೆಯಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಊರಿನಿಂದ ಬಂದ ಅಪ್ಪ, ಮಾವನವರು ಬರಿಗೈಲಿ ಜೊತೆಗೆ ನಡೆಯುವುದೇ ಲೇಸು.

ಯಾರ ಜಮೀನಿನಲ್ಲಿ ಹೊಡೆಯಬಹುದು?

ಮೂರು ಬಗೆಯ ಸಾರ್ವಜನಿಕ ಜಾಗಗಳು ನೆನಪಿರಲಿ. ವಾಕ್-ಇನ್ ಏರಿಯಾ ಎಂದರೆ ಖಾಸಗಿ ಜಮೀನು, ರಾಜ್ಯ ಬಾಡಿಗೆ ಕೊಟ್ಟು ಬೇಟೆಗೆ ತೆರೆದದ್ದು. ಗೇಮ್ ಪ್ರೊಡಕ್ಷನ್ ಏರಿಯಾ ರಾಜ್ಯದ್ದು. ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾ ಕೇಂದ್ರ ಸರ್ಕಾರದ್ದು. ಕೊನೆಯ ಎರಡರಲ್ಲಿ ಸೀಸದ ಚರೆ (ತೋಟಾದೊಳಗಿನ ಸಣ್ಣ ಗುಂಡುಕಾಳು) ನಿಷಿದ್ಧ, ಉಕ್ಕಿನ ಚರೆ ಬೇಕು. ಇಲಾಖೆಯ ನಕ್ಷೆಯಲ್ಲಿ ಎಲ್ಲವೂ ಬಣ್ಣಬಣ್ಣವಾಗಿ ಕಾಣುತ್ತವೆ. ಮೊಬೈಲ್ ಸಿಗ್ನಲ್ ಸಿಗದ ಜಾಗಗಳುಂಟು, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಉಳಿದ ಖಾಸಗಿ ಜಮೀನಿಗೆ ಅನುಮತಿ ಕೇಳಲೇಬೇಕು. ಹಗಲು ಹೊತ್ತಿನಲ್ಲಿ, ಕೋವಿಯನ್ನು ಕಾರಿನಲ್ಲೇ ಬಿಟ್ಟು, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಜನವರಿಯಲ್ಲಿ ಹೂಂ ಎನ್ನುವ ರೈತರು ಅಕ್ಟೋಬರ್‌ಗಿಂತ ಹೆಚ್ಚು.

ಏನೂ ಗೊತ್ತಿಲ್ಲದ ಕುಟುಂಬಕ್ಕೆ ಮೊದಲ ಸಲ ಶೂಟಿಂಗ್ ಪ್ರಿಸರ್ವ್ ಒಳ್ಳೆಯದು. ಸಾಕಿದ ಹಕ್ಕಿಗಳನ್ನು ಬಿಟ್ಟಿರುತ್ತಾರೆ, ಗೈಡ್ ಮತ್ತು ಪಳಗಿದ ನಾಯಿ ಸಿಗುತ್ತದೆ, ಸೀಸನ್ ಮಾರ್ಚ್ ಕೊನೆಯವರೆಗೂ ಇರುತ್ತದೆ. ಕಾಡುಹಕ್ಕಿಯ ಚುರುಕು ಮಾತ್ರ ಅಲ್ಲಿ ಸಿಗದು.

ಎಂಥ ಕೋವಿ? ಎಷ್ಟನೇ ನಂಬರ್ ಚರೆ?

12 ಅಥವಾ 20 ಗೇಜ್ (ನಳಿಗೆಯ ಅಗಲದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣದು). ಚಿಕ್ಕ ಮೈಕಟ್ಟಿನವರಿಗೆ 20. ಚಳಿಗಾಲದ ಹುಂಜಕ್ಕೆ ಗರಿ ದಪ್ಪ, ಏಳುವುದೂ ದೂರದಲ್ಲಿ. ಆದ್ದರಿಂದ ಸೀಸವಾದರೆ 4 ಅಥವಾ 5ನೇ ನಂಬರ್, ಉಕ್ಕಾದರೆ 2 ಅಥವಾ 3. ಉಕ್ಕು ಸೀಸಕ್ಕಿಂತ ಹಗುರ, ಅದೇ ಪೆಟ್ಟು ಬೀಳಬೇಕಾದರೆ ಕಾಳು ದೊಡ್ಡದಿರಬೇಕು; ನಂಬರ್ ಕಡಿಮೆಯಾದಷ್ಟೂ ಕಾಳು ದೊಡ್ಡದು. ಚೋಕ್ (ಚರೆ ಎಷ್ಟು ಹರಡಬೇಕೆಂದು ತೀರ್ಮಾನಿಸುವ ನಳಿಗೆ ತುದಿಯ ಕಿರಿದು) ಮಾಡಿಫೈಡ್, ಅಂದರೆ ಮಧ್ಯಮ, ಸಾಕು. 35 ಮೀಟರ್ ದಾಟಿದ ಹಕ್ಕಿಯನ್ನು ಬಿಟ್ಟುಬಿಡಿ, ಗಾಯಗೊಂಡು ಹೋಗುವುದು ಅಲ್ಲಿಂದಾಚೆಯೇ ಹೆಚ್ಚು.

ಕಡು ಚಳಿಯಲ್ಲಿ ಅರೆ-ಸ್ವಯಂಚಾಲಿತ ಕೋವಿ ಕಚ್ಚಿಕೊಳ್ಳುವುದುಂಟು. ಕಾರಣ ಬಹುಮಟ್ಟಿಗೆ ಗಟ್ಟಿಯಾದ ಎಣ್ಣೆ. ಹೊರಡುವ ಮುನ್ನ ಹಳೆ ಎಣ್ಣೆಯನ್ನೆಲ್ಲ ಒರೆಸಿ ತೆಳುವಾಗಿ ಸವರಿ. ರಾತ್ರಿ ಬೆಚ್ಚಗಿನ ಕೋಣೆಗೆ ತಂದ ಕೋವಿ ಬೆವರುತ್ತದೆ, ಪೆಟ್ಟಿಗೆಯಿಂದ ತೆಗೆದು ಒರೆಸಿಡಿ. ಇಲ್ಲದಿದ್ದರೆ ಮರುದಿನ ಅದೇ ನೀರು ಒಳಗೆ ಮಂಜುಗಡ್ಡೆಯಾಗುತ್ತದೆ.

ಕಿತ್ತಳೆ ಬಣ್ಣದ ಅಂಗಿ ಕಡ್ಡಾಯನಾ?

ಅಯೋವಾ, ಮಿನೆಸೋಟಗಳಲ್ಲಿ ಕಡ್ಡಾಯ. ಸೌತ್ ಡಕೋಟಾದಲ್ಲಿ ಫೆಸೆಂಟ್ ಬೇಟೆಗೆ ಕಡ್ಡಾಯವಲ್ಲ, ಆದರೂ ಟೋಪಿ, ಜಾಕೆಟ್ ಎರಡೂ ಕಿತ್ತಳೆಯೇ ಇರಲಿ, ನಾಯಿಗೂ ಒಂದು. ಜೊಂಡು ಆಳೆತ್ತರ ಇರುತ್ತದೆ, ಟೋಪಿ ಮಾತ್ರ ಕಾಣುವ ಹೊತ್ತುಗಳು ಬಹಳ.

## ಮಕ್ಕಳು, ಬುತ್ತಿ, ಕಾರು

ಎಂಟು ವರ್ಷದ ಮಗಳನ್ನು ಕರೆದೊಯ್ಯಬಹುದಾ?

ಧಾರಾಳವಾಗಿ, ಕೋವಿಯಿಲ್ಲದೆ. ಕೋವಿ ಹಿಡಿದ ಒಬ್ಬರ ಹಿಂದೆ, ಎರಡು ಹೆಜ್ಜೆ ಬಿಟ್ಟು, ಅವರ ಎಡಭುಜದ ನೇರಕ್ಕೆ ನಡೆಯಲಿ. ಆ ದೊಡ್ಡವರು ಅವತ್ತು ಸಾಲಿನ ತುದಿಯಲ್ಲಿ ನಡೆಯಬೇಕು, ನಡುವೆ ಅಲ್ಲ. ಮಗುವಿಗೊಂದು ಕೆಲಸ ಕೊಡಿ: ಬಿದ್ದ ಹಕ್ಕಿಯ ಜಾಗದ ಮೇಲೆ ಕಣ್ಣಿಟ್ಟು, ಅಲ್ಲಿಗೆ ತಲುಪುವವರೆಗೂ ಬೆರಳು ತೋರಿಸುತ್ತಲೇ ಇರುವುದು. ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಕಿವಿಗೆ ಮಫ್, ಕಣ್ಣಿಗೆ ಪಾರದರ್ಶಕ ಕನ್ನಡಕ. ಮೈಗೆ ಹತ್ತಿದ ಹತ್ತಿಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿ ಚಳಿ ಹಿಡಿಸುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವಂಥದ್ದು. ಒಂದು ಜೊತೆ ಕಾಲುಚೀಲ, ಕೈಗವಸು ಹೆಚ್ಚಿಗಿರಲಿ. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟುವುದು ಮೈನಸ್ 28. ಅರ್ಧ ಗಂಟೆಯಲ್ಲಿ ತೆರೆದ ಚರ್ಮ ಮರಗಟ್ಟುತ್ತದೆ. ಅಂಥ ದಿನ ಮಕ್ಕಳು ರೂಮಿನಲ್ಲೇ ಇರಲಿ. ದೊಡ್ಡವರೂ ಬೇಟೆಗೆ ಹೋಗದಿದ್ದರೆ ಹೇಂಟೆಗಳಿಗೂ ಒಳ್ಳೆಯದು, ಕಡುಚಳಿಯಲ್ಲಿ ಮತ್ತೆ ಮತ್ತೆ ಎಬ್ಬಿಸಿದರೆ ಅವುಗಳ ಕೊಬ್ಬು ಕರಗುತ್ತದೆ.

ಅಮ್ಮ ಬುತ್ತಿ ಕಟ್ಟಿಕೊಡ್ತೀನಿ ಅಂತಿದ್ದಾರೆ. ಏನು ಒಯ್ಯಲಿ?

ಪುಳಿಯೋಗರೆ, ಚಪಾತಿ ಪಲ್ಯ, ಚಕ್ಕುಲಿ ಒಯ್ಯಿ. ಮೊಸರನ್ನ ಕಾರಿನಲ್ಲೇ ಹೆಪ್ಪುಗಟ್ಟುತ್ತದೆ. ಸಾರು, ಟೀ ಉಕ್ಕಿನ ಫ್ಲಾಸ್ಕಿನಲ್ಲಿ, ಫ್ಲಾಸ್ಕಿಗೆ ಮೊದಲು ಐದು ನಿಮಿಷ ಬಿಸಿನೀರು ತುಂಬಿಸಿ ಚೆಲ್ಲಿ. ನಡೆಯುವಾಗ ಜೇಬಿಗೆ ಕಡಲೆಮಿಠಾಯಿ.

ಒಂದು ಎಚ್ಚರ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಇನ್ನೂ ಅಪಾಯ. ಉಳಿದ ಚಿತ್ರಾನ್ನವನ್ನು ಅಕ್ಕರೆಯಿಂದ ನಾಯಿಗೆ ಹಾಕುವ ಅಜ್ಜಿಗೆ ಇದನ್ನು ಮೊದಲೇ ಹೇಳಿ.

ಕಾರಿನಲ್ಲಿ ಏನಿರಬೇಕು?

ಸಲಿಕೆ, ಮರಳು, ಬ್ಯಾಟರಿ ಕೇಬಲ್, ಕಂಬಳಿ, ಟಾರ್ಚ್, ಅರ್ಧಕ್ಕಿಂತ ಮೇಲೆ ಇಂಧನ. ಹಿಮದಲ್ಲಿ ಸಿಕ್ಕಿಹಾಕಿಕೊಂಡರೆ ಎಂಜಿನ್ ಹಾಕುವ ಮುನ್ನ ಹೊಗೆಕೊಳವೆಯ ಸುತ್ತಲ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ವಿಷಾನಿಲ ಒಳಗೇ ಬರುತ್ತದೆ. ಹಿಮ ತುಂಬಿದ ಸೆಕ್ಷನ್ ದಾರಿಗಳಿಗೆ (ಹೊಲಗಳ ಗಡಿಗುಂಟ ಹೋಗುವ ಕಚ್ಚಾ ದಾರಿಗಳು) ಕಾರು ಇಳಿಸಬೇಡಿ, ಜಲ್ಲಿ ರಸ್ತೆಯಲ್ಲೇ ನಿಲ್ಲಿಸಿ ನಡೆಯಿರಿ.

## ನಾಯಿ

ನಮ್ಮನೆ ಲ್ಯಾಬ್ ಬೇಟೆ ಕಲಿತಿಲ್ಲ. ಸುಮ್ಮನೆ ಕರೆದೊಯ್ದರೆ ಆಗುತ್ತಾ?

ಎರಡು ಪರೀಕ್ಷೆ ಪಾಸಾದರೆ ಆಗುತ್ತದೆ. ಒಂದು, ಮೊಲ ಓಡಿದರೂ ಕರೆದ ಕೂಡಲೇ ಹಿಂತಿರುಗಬೇಕು. ಎರಡು, ಕೋವಿ ಸದ್ದಿಗೆ ಹೆದರಬಾರದು. ಎರಡನೆಯದನ್ನು ಹೊಲದಲ್ಲಿ ಪರೀಕ್ಷಿಸಲೇಬೇಡಿ. ವಾರಗಳ ಮೊದಲೇ, ನಾಯಿ ಆಟದಲ್ಲಿ ಮುಳುಗಿರುವಾಗ ಬಹಳ ದೂರದಿಂದ ಸಣ್ಣ ಸದ್ದು ಮಾಡಿಸಿ, ಅದು ಕಿವಿ ನಿಮಿರಿಸಿ ಮತ್ತೆ ಆಟಕ್ಕೆ ಮರಳಿದರೆ ಮಾತ್ರ ದಿನದಿನಕ್ಕೆ ಹತ್ತಿರ ಬನ್ನಿ. ತಲೆಯ ಮೇಲೆ ಏಕಾಏಕಿ ಐದು ಕೋವಿ ಗುಡುಗಿದರೆ ಹೆದರಿದ ನಾಯಿ ಮತ್ತೆಂದೂ ಬೇಟೆಗೆ ಬಾರದೇ ಇರಬಹುದು.

ಲ್ಯಾಬ್, ಸ್ಪ್ರಿಂಗರ್ ಸ್ಪೇನಿಯಲ್‌ಗಳು ಹಕ್ಕಿಯನ್ನು ಎಬ್ಬಿಸುವ ನಾಯಿಗಳು. ನಿಮ್ಮಿಂದ 25 ಮೀಟರ್ ಒಳಗೇ ಓಡಾಡಬೇಕು. ಜರ್ಮನ್ ಶಾರ್ಟ್‌ಹೇರ್, ಬ್ರಿಟನಿಗಳು ವಾಸನೆ ಹಿಡಿದು ಅಲುಗದೆ ನಿಲ್ಲುವವು, ದೂರ ಹೋದರೂ ನಡೆಯುತ್ತದೆ. ಸೋಫಾದ ಮೇಲೆ ಮಲಗಿ ಕೊಬ್ಬಿದ ನಾಯಿಗೆ ಆರು ವಾರ ಮುಂಚಿನಿಂದ ಓಟ ಮಾಡಿಸಿ, ಅಂಗಾಲೂ ಗಟ್ಟಿಯಾಗುತ್ತದೆ.

ಬೇಟೆ ದಿನ ನಾಯಿಗೆ ಊಟ ಹೇಗೆ?

ಮುಖ್ಯ ಊಟ ಹಿಂದಿನ ರಾತ್ರಿ. ಬೆಳಿಗ್ಗೆ ಹೊರಡುವ ಮೂರು ಗಂಟೆ ಮುಂಚೆ ಕಾಲುಭಾಗ. ಹೊಟ್ಟೆ ತುಂಬಿಸಿ ಓಡಿಸಿದರೆ ಜಠರ ತಿರುಚಿಕೊಂಡು ಗಂಟೆಗಳಲ್ಲಿ ಸಾಯಬಹುದು. ಹಿಮ ತಿನ್ನುತ್ತದೆಂದು ನೀರು ಮರೆಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಬಾಟಲಿಯನ್ನು ಜಾಕೆಟ್ ಒಳಗಿಟ್ಟರೆ ಹೆಪ್ಪುಗಟ್ಟುವುದಿಲ್ಲ. ತೂರಾಡುತ್ತಾ ಮಂಕಾದರೆ ರಕ್ತದ ಸಕ್ಕರೆ ಇಳಿದಿರಬಹುದು. ಒಸಡಿಗೆ ಜೇನುತುಪ್ಪ ಸವರಿ, ಬೇಟೆ ನಿಲ್ಲಿಸಿ.

ನಾಯಿಗೆ ಚಳಿ ಜಾಸ್ತಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ನಡುಗುತ್ತದೆ, ನಿಮ್ಮ ಕಾಲಿಗೆ ಅಂಟಿ ನಡೆಯುತ್ತದೆ. ನಡುಕ ನಿಂತು ಕಾಲು ಬಿಗಿದರೆ ಅದು ಸುಧಾರಣೆಯಲ್ಲ, ಅಪಾಯ. ನಾಯಿಯ ಸಹಜ ಉಷ್ಣ 38ರಿಂದ 39 ಡಿಗ್ರಿ. 37ಕ್ಕಿಂತ ಇಳಿದರೆ ಒಣಗಿಸಿ, ಕಂಬಳಿ ಸುತ್ತಿ, ಕಾರು ಬೆಚ್ಚಗೆ ಮಾಡಿ ಪಶುವೈದ್ಯರ ಹತ್ತಿರ ಹೊರಡಿ. ಹತ್ತಿರದ ಪಶುವೈದ್ಯರ ನಂಬರನ್ನು ಹಿಂದಿನ ದಿನವೇ ಬರೆದಿಟ್ಟುಕೊಂಡಿರಿ.

ಬೆರಳ ಸಂದಿನ ಕೂದಲು ಕತ್ತರಿಸಿ ಅಂಗಾಲಿಗೆ ಮೇಣ ಹಚ್ಚಿದರೆ ಹಿಮದ ಉಂಡೆ ಕಟ್ಟುವುದಿಲ್ಲ. ಪ್ರತಿ ನಡಿಗೆಯ ನಂತರ ಕಣ್ಣುಗಳನ್ನು ಸಲೈನ್‌ನಿಂದ ತೊಳೆಯಿರಿ, ಹುಲ್ಲಿನ ಬೀಜ ರೆಪ್ಪೆಯೊಳಗೆ ಕೂತಿರುತ್ತದೆ. ಕಂಕುಳು, ಕಿವಿ, ಬೆರಳ ಸಂದಿಯನ್ನೂ ತಡವಿ ನೋಡಿ.

ಜೊಂಡಿನಲ್ಲಿ ಉರುಳು, ಬೋನು ಇರುತ್ತವಂತೆ, ನಿಜನಾ?

ನಿಜ. ತುಪ್ಪಳಕ್ಕಾಗಿ ಬಲೆ ಒಡ್ಡುವ ಸೀಸನ್ನೂ ಚಳಿಗಾಲದಲ್ಲೇ ಇರುತ್ತದೆ. ತಂತಿ ಉರುಳಿಗೆ ಸಿಕ್ಕ ನಾಯಿ ಎಳೆದಷ್ಟೂ ಬಿಗಿಯುತ್ತದೆ. ಹತ್ತಿರ ಹೋಗಿ ನಾಯಿಯನ್ನು ಅಲುಗದಂತೆ ಒತ್ತಿ ಹಿಡಿದು, ತಂತಿ ಸಡಿಲಿಸಿ. ಆಗದಿದ್ದರೆ ಕೇಬಲ್ ಕಟರ್‌ನಿಂದ ಕತ್ತರಿಸಿ. ಸಾಮಾನ್ಯ ಇಕ್ಕಳಕ್ಕೆ ಆ ಹೆಣೆದ ಉಕ್ಕುತಂತಿ ತುಂಡಾಗುವುದಿಲ್ಲ.

ಚೌಕಾಕಾರದ, ಮೈ ಹಿಸುಕುವ ಬೋನು ಇನ್ನೂ ಕ್ರೂರ, ನಿಮಿಷಗಳಲ್ಲಿ ಉಸಿರು ಕಟ್ಟಿಸುತ್ತದೆ. ಬರಿಗೈಲಿ ಬಿಡಿಸಲಾಗದು. ನಾಯಿಯ ಹಗ್ಗದ ಒಂದು ತುದಿಯ ಹಿಡಿಕುಣಿಕೆಯನ್ನು ಕಾಲಲ್ಲಿ ಮೆಟ್ಟಿಕೊಳ್ಳಿ. ಇನ್ನೊಂದು ತುದಿಯನ್ನು ಸ್ಪ್ರಿಂಗಿನ ಎರಡು ಬಳೆಗಳೊಳಗೆ ತೂರಿಸಿ, ಸುತ್ತು ಹಾಕಿ ಮತ್ತೆ ತೂರಿಸಿ, ಮೇಲಕ್ಕೆ ಎಳೆಯಿರಿ. ಬಳೆಗಳು ಒಂದಕ್ಕೊಂದು ಕೂಡಿದಾಗ ಕೊಕ್ಕೆ ಸಿಕ್ಕಿಸಿ. ನಂತರ ಇನ್ನೊಂದು ಸ್ಪ್ರಿಂಗ್. ಇದನ್ನು ಮನೆಯಲ್ಲಿ ಅಭ್ಯಾಸ ಮಾಡದೆ ಹೊಲದಲ್ಲಿ ಕೈ ಓಡುವುದಿಲ್ಲ.

ಕೆರೆ ಹೆಪ್ಪುಗಟ್ಟಿದೆ, ಮೇಲೆ ನಡೆಯಬಹುದಾ?

ಗಟ್ಟಿ, ತಿಳಿ ಮಂಜುಗಡ್ಡೆ 10 ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬರು ನಡೆಯಬಹುದು. ಆದರೆ ಜೊಂಡಿನ ಬುಡದಲ್ಲಿ, ಮಸ್ಕ್‌ರ‍್ಯಾಟ್ (ನೀರಿನಲ್ಲಿ ಬದುಕುವ ಇಲಿಯಂಥ ಪ್ರಾಣಿ) ಗೂಡುಗಳ ಸುತ್ತ, ಊಟೆ ಇರುವಲ್ಲಿ ಮಂಜು ತೆಳ್ಳಗಿರುತ್ತದೆ. ಮೇಲೆ ಹಿಮ ಹೊದ್ದಿದ್ದರೆ ಇನ್ನೂ ತೆಳು. ಮಕ್ಕಳಿಗೆ ದಡವೇ ಗಡಿ. ನಾಯಿ ಬಿದ್ದರೆ ಹಿಂದೆ ನುಗ್ಗಬೇಡಿ, ದಡದಿಂದ ಕರೆಯಿರಿ, ಹಗ್ಗ ಎಸೆಯಿರಿ.

## ಹೊಲದಲ್ಲಿ

ಹುಂಜ ಎಲ್ಲಿ ಅಡಗಿರುತ್ತದೆ?

ಹೊತ್ತು ನೋಡಿ ಹುಡುಕಬೇಕು. ರಾತ್ರಿ ಜೊಂಡು, ದಟ್ಟ ಹುಲ್ಲು. ಬೆಳಗಾದ ಮೇಲೆ ಮೆಕ್ಕೆಜೋಳದ ಕೂಳೆಗೆ ಮೇಯಲು. ಮಧ್ಯಾಹ್ನ ಗಾಳಿ ತಾಗದ ಮರಸಾಲು, ಬಿಸಿಲು ಬೀಳುವ ಇಳಿಜಾರು. ಮೂರರ ನಂತರ ಮತ್ತೆ ಮೇವು, ಮುಳುಗುವ ಮುಂಚಿನ ಗಂಟೆ ಹಾರಿ ನಡೆದು ಜೊಂಡಿಗೆ ವಾಪಸ್. ಆ ಕೊನೆಯ ಗಂಟೆಯೇ ದಿನದ ಬೆಳೆ. ಹಿಂದಿನ ಸಂಜೆ ಎಲ್ಲಿ ಇಳಿದವೆಂದು ರಸ್ತೆಯಿಂದ ನೋಡಿಟ್ಟುಕೊಂಡವರಿಗೆ ಮರುದಿನ ಅಲೆದಾಟ ಕಡಿಮೆ.

ನಾವು ಐದು ಜನ. ಹೇಗೆ ನಡೆಯಬೇಕು?

ಮಲೆನಾಡಿನ ಹಳು ನುಗ್ಗುವ ಬೇಟೆ ಕೇಳಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೂವರು ನುಗ್ಗುವವರು, ಇಬ್ಬರು ಆ ತುದಿಯಲ್ಲಿ ಬಿಲ್ಲಿಗೆ ನಿಲ್ಲುವವರು, ಅಂದರೆ ಎದ್ದು ಬರುವ ಹಕ್ಕಿಗೆ ಕಾದು ನಿಲ್ಲುವವರು. ಬಿಲ್ಲಿನವರು ಹತ್ತು ನಿಮಿಷ ಮೊದಲೇ ಬಳಸುದಾರಿಯಲ್ಲಿ ಸದ್ದಿಲ್ಲದೆ ಹೋಗಿ ನಿಲ್ಲಬೇಕು. ನುಗ್ಗುವವರ ನಡುವೆ ಹುಲ್ಲಿನಲ್ಲಿ 12ರಿಂದ 15 ಮೀಟರ್, ದಟ್ಟ ಜೊಂಡಿನಲ್ಲಿ 8. ನಾಯಿಯ ಮೂಗಿಗೆ ವಾಸನೆ ಬರುವಂತೆ ಗಾಳಿಗೆ ಎದುರಾಗಿ ನಡೆಯಿರಿ. ಇಪ್ಪತ್ತು ಮೂವತ್ತು ಹೆಜ್ಜೆಗೊಮ್ಮೆ ನಿಲ್ಲಿ. ಅವಿತಿದ್ದ ಹುಂಜ ತನ್ನನ್ನು ಕಂಡರೆಂದು ಆ ಮೌನಕ್ಕೇ ಏಳುತ್ತದೆ.

ಯಾರು ಎತ್ತ ಹೊಡೆಯಬೇಕೆಂದು ಮೊದಲೇ ಗಟ್ಟಿಯಾಗಿ ಹೇಳಿಕೊಳ್ಳಿ. ನಡುವಿನವರು ನೇರ ಮುಂದಕ್ಕೆ ಮಾತ್ರ, ತುದಿಯವರು ತಮ್ಮ ಹೊರಬದಿಗೆ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಕೋವಿಯ ಕುದುರೆ (ಟ್ರಿಗರ್) ಎಳೆಯಬಾರದು. ನಾಯಿಗೆ ಚರೆ ತಗಲುವುದು ತಗ್ಗಿನಲ್ಲಿ ಹಾರುವ ಹಕ್ಕಿಗೆ ಹೊಡೆದಾಗಲೇ. ಬಿಲ್ಲಿನವರ ಕಿತ್ತಳೆ ಟೋಪಿ ಕಂಡ ಮೇಲೆ ಮುಂದಕ್ಕೆ ಹೊಡೆಯುವುದು ಬಂದ್, ಚರೆ ಇನ್ನೂರು ಮೀಟರಿಗೂ ಮೀರಿ ಹೋಗುತ್ತದೆ. ಬೇಲಿ ದಾಟುವಾಗ ತೋಟಾ ಹೊರಗೆ.

ಹಕ್ಕಿ ಎದ್ದಾಗ "ಹುಂಜ", "ಹೇಂಟೆ" ಎಂದು ಕೂಗಿ. ಗುಂಪಿನಲ್ಲಿ ಕನ್ನಡ ಬಾರದವರಿದ್ದರೆ "ರೂಸ್ಟರ್", "ಹೆನ್" ಎಂದೇ ಕೂಗಬೇಕು. ಸಂಜೆಯ ಎದುರುಬಿಸಿಲಲ್ಲಿ ಬಣ್ಣ ಕಾಣುವುದಿಲ್ಲ. ಬಾಲದ ಉದ್ದ, ಏಳುವಾಗಿನ ಕೊಕ್ಕರಿಕೆ ಎರಡೂ ಖಾತ್ರಿಯಾಗದಿದ್ದರೆ ಬಿಡಿ.

ನಾವು ಇಳಿಯೋ ಹೊತ್ತಿಗೇ ಎಲ್ಲಾ ಹಾರಿಹೋಗುತ್ತವೆ. ಏನು ತಪ್ಪು?

ಸದ್ದು. ಕಾರನ್ನು ಅರ್ಧ ಕಿಲೋಮೀಟರ್ ದೂರದಲ್ಲೇ ನಿಲ್ಲಿಸಿ, ಬಾಗಿಲನ್ನು ಒತ್ತಿ ಮುಚ್ಚಿ. ರಿಮೋಟಿನ ಬೀಪ್ ಸದ್ದೂ ಬೇಡ. ನಾಯಿಯ ಕೊರಳ ಗಂಟೆ ಬಿಚ್ಚಿ. ಮಾತು ಕೈಸನ್ನೆಯಲ್ಲಿ. ಗಟ್ಟಿ ಹೆಪ್ಪಿಟ್ಟ ಹಿಮ ಕಾಲ ಕೆಳಗೆ ಕರಕರ ಎನ್ನುವ ದಿನ ಏನು ಮಾಡಿದರೂ ಕಷ್ಟ. ಹೊಸ ಹಿಮ ಬಿದ್ದ ಮರುದಿನ, ಇಲ್ಲವೇ ಜೋರು ಗಾಳಿಯ ದಿನ ಅವು ಹತ್ತಿರ ಬಿಡುತ್ತವೆ. ಹಿಂದಿನವರೆಲ್ಲ ಪಾರ್ಕಿಂಗ್ ಜಾಗದಿಂದಲೇ ನುಗ್ಗಿರುತ್ತಾರೆ, ನೀವು ಹಿಂಬದಿಯಿಂದ ನುಗ್ಗಿ.

ಬಿದ್ದದ್ದು ಕಂಡೆವು, ಹೋಗಿ ನೋಡಿದರೆ ಇಲ್ಲ!

ರೆಕ್ಕೆ ಮಾತ್ರ ಮುರಿದ ಹುಂಜ ನೆಲ ಮುಟ್ಟಿದ ಕೂಡಲೇ ಓಡುತ್ತದೆ. ಎರಡನೇ ಹಕ್ಕಿಗೆ ಗುರಿಯಿಡದೆ ಮೊದಲನೆಯದರ ಜಾಗಕ್ಕೆ ನೇರ ನಡೆಯಿರಿ, ಅಲ್ಲಿ ಟೋಪಿ ಇಟ್ಟು ಗುರುತು ಮಾಡಿ. ಜನ ತುಳಿದು ವಾಸನೆ ಕೆಡಿಸುವ ಮುನ್ನ ನಾಯಿಯನ್ನು ಬಿಡಿ. ಹಿಮದಲ್ಲಿ ಹೆಜ್ಜೆ, ರಕ್ತದ ಹನಿ ಕಾಣುತ್ತವೆ. ಬಿಲ, ಹುಲ್ಲಿನ ದಿಂಡಿನ ಬುಡಗಳಲ್ಲಿ ಬಾಲ ಹೊರಗೆ ಬಿಟ್ಟು ತಲೆ ತೂರಿಸಿರುವುದೂ ಉಂಟು. ನಾಯಿಯಿಲ್ಲದೆ ಚಳಿಗಾಲದ ಜೊಂಡಿನಲ್ಲಿ ಫೆಸೆಂಟ್ ಹೊಡೆಯುವುದು ನಮ್ಮ ಮಟ್ಟಿಗೆ ತಪ್ಪು.

## ಹೊಡೆದ ಮೇಲೆ

ಹೇಗೆ ಶುಚಿ ಮಾಡಿ ಮನೆಗೆ ತರಬೇಕು?

ಹಕ್ಕಿಗಳನ್ನು ಬೆಚ್ಚಗಿನ ಕಾರಿನಲ್ಲಿ ರಾಶಿ ಹಾಕಬೇಡಿ, ಬಿಡಿಬಿಡಿಯಾಗಿ ಹೊರಗೆ ತಣಿಯಲಿ. ಕಾಳು ತುಂಬಿದ ಕೊರಳಚೀಲವನ್ನೂ ಕರುಳನ್ನೂ ಅದೇ ದಿನ ತೆಗೆಯಿರಿ. ಪೂರ್ತಿ ಹೆಪ್ಪುಗಟ್ಟಿದರೆ ಚರ್ಮ ಬಿಡಿಸುವುದು ಕಷ್ಟ. ಎದೆಯ ಬಳಿ ಚರ್ಮ ಚಿವುಟಿ ಹರಿದರೆ ಅಂಗಿಯಂತೆ ಕಳಚಿ ಬರುತ್ತದೆ. ಕೈಗವಸು ಹಾಕಿಕೊಳ್ಳಿ. ಕೋಳಿಜ್ವರ ಕಾಡುಹಕ್ಕಿಗಳಲ್ಲೂ ಇರುವುದರಿಂದ ತಾನಾಗಿ ಸತ್ತುಬಿದ್ದ ಹಕ್ಕಿಯನ್ನು ನಾಯಿಗೆ ಮುಟ್ಟಗೊಡಬೇಡಿ.

ಸಾಗಿಸುವಾಗ ಹುಂಜವೆಂದು ಗೊತ್ತಾಗುವಂತೆ ತಲೆ, ಗರಿಯಿರುವ ಪೂರ್ಣ ರೆಕ್ಕೆ ಅಥವಾ ಪಾದ, ಯಾವುದಾದರೂ ಒಂದು ದೇಹಕ್ಕೆ ಅಂಟಿಕೊಂಡಿರಬೇಕು. ಒಂದು ಕಾಲನ್ನು ಉಳಿಸುವುದು ಸುಲಭ. ಆ ಕಾಲಿನ ಮುಳ್ಳು 2 ಸೆಂಟಿಮೀಟರಿಗಿಂತ ಗಿಡ್ಡವಾಗಿ ಮೊಂಡಾಗಿದ್ದರೆ ಅದು ಆ ವರ್ಷದ ಮರಿ. ಉದ್ದ, ಚೂಪು ಇದ್ದರೆ ಮುದಿಹುಂಜ.

ನಾಟಿಕೋಳಿ ಸಾರಿನ ಥರ ಮಾಡಿದೆ, ಎದೆ ಮಾಂಸ ಹೊಟ್ಟಿನ ಹಾಗಾಯ್ತು. ಯಾಕೆ?

ಎದೆಯನ್ನೂ ಕಾಲನ್ನೂ ಒಟ್ಟಿಗೆ ಬೇಯಿಸಿದ್ದಕ್ಕೆ. ಫೆಸೆಂಟ್‌ನಲ್ಲಿ ಕೊಬ್ಬೇ ಇಲ್ಲ. ಕಾಲು, ತೊಡೆಯನ್ನು ಮಾತ್ರ ಮಸಾಲೆಯೊಂದಿಗೆ ಕುಕ್ಕರಿಗೆ ಹಾಕಿ: ಮರಿಯಾದರೆ ನಾಲ್ಕು ವಿಷಲ್, ಮುದಿಯಾದರೆ ಎಂಟು. ಮೊಣಕಾಲಿನ ಕೆಳಗಿನ ಭಾಗದಲ್ಲಿ ಎಲುಬಿನಂಥ ಗಟ್ಟಿ ನರಗಳಿರುತ್ತವೆ, ಬೆಂದ ಮೇಲೆ ಎಳೆದು ತೆಗೆಯಿರಿ. ಎದೆಯನ್ನು ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ನೆನೆಸಿ, ಸಾರು ಕುದಿಯುವಾಗ ಕೊನೆಯ ಎಂಟು ಹತ್ತು ನಿಮಿಷಕ್ಕೆ ಹಾಕಿ. ಇಲ್ಲವೇ ತುಪ್ಪ, ಕಾಳುಮೆಣಸಿನಲ್ಲಿ ಬೇರೆಯೇ ಹುರಿಯಿರಿ. ಒಳಗಿನ ಉಷ್ಣ 74 ಡಿಗ್ರಿ ಮುಟ್ಟಿದ ಕೂಡಲೇ ಇಳಿಸಿ.

ಗರಿ ಒಳಹೊಕ್ಕ ತೂತು ಕಂಡಲ್ಲೆಲ್ಲ ಚಾಕುತುದಿಯಿಂದ ಬಿಡಿಸಿ ನೋಡಿ, ಚರೆ ಅಲ್ಲೇ ಇರುತ್ತದೆ. ಉಕ್ಕಿನದಾದರೆ ಅಯಸ್ಕಾಂತ ಹಿಡಿದರೂ ಸಿಗುತ್ತದೆ. ಮಕ್ಕಳು, ಬಸುರಿಯರು ಉಣ್ಣುವ ಮನೆಯಾದರೆ ಎಲ್ಲಿ ಹೊಡೆದರೂ ಉಕ್ಕನ್ನೇ ಬಳಸಿ. ಸೀಸ ಸಣ್ಣ ಚೂರುಗಳಾಗಿ ಮಾಂಸದಲ್ಲಿ ಉಳಿಯುತ್ತದೆ, ಅವು ಕಣ್ಣಿಗೂ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ.